ಅತ್ತೆ ಉಣ್ಣದ ಮಳೆಗಾಲ

ಪೊನ್ನಂಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಹೆಂಗಸು ಗೋಣಿತಾಟು ಹಾಸಿಕೊಂಡು, ಕೊಡಗಿನವರು ವರ್ಷದಲ್ಲಿ ಆವತ್ತೊಂದೇ ದಿನ ತಿನ್ನುವ ಮದ್ದು ಸೊಪ್ಪು ಮಾರುತ್ತಿದ್ದಳು. ಕಟ್ಟಿನ ಬೆಲೆ ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಏನಮ್ಮ, ಬೇಲಿ ಸಾಲಲ್ಲಿ ತಾನಾಗಿ ಬೆಳೆಯೋ ಸೊಪ್ಪಿಗೆ ಇಷ್ಟು ದುಡ್ಡಾ? ನೀನೇನು ಬಿತ್ತಿದ್ಯಾ, ಗೊಬ್ಬರ ಹಾಕಿದ್ಯಾ?" ಎಂದೆ.

ಅವಳೂ ಬಿಡುವವಳಲ್ಲ, ಅರೆಭಾಷೆ ಬೆರೆತ ಕನ್ನಡದಲ್ಲೇ ತಿರುಗಿ ಕೇಳಿದಳು. "ಬೇಲಿ ಈಗ ಎಲ್ಲಿ ಉಟ್ಟು ಅಜ್ಜಿ? ಎಲ್ಲ ಕಡೆ ತಂತಿ ಹಾಕಿಯಾತು. ಸೊಪ್ಪಿರುವ ಬೇಲಿ ನೀವೇ ತೋರಿಸಿ, ನಾನೂ ಅಲ್ಲಿಗೇ ಬರ್ತೇನೆ" ಎಂದಳು.

ಗೊಣಗುತ್ತಲೇ ಎರಡು ಕಟ್ಟು ಕೊಂಡೆ. ಹುದಿಕೇರಿಯಲ್ಲಿ ಹಳೆಯ ಪರಿಚಯದವರನ್ನು ನೋಡಿಕೊಂಡು ಹಿಂದಿರುಗುತ್ತಿದ್ದೆ. ಬಸ್ಸಿನ ಕಿಟಕಿಗಳೆಲ್ಲ ಮಳೆಗೆ ಮುಚ್ಚಿದ್ದವು. ಒಳಗಿನ ಸೆಕೆಗೆ ಚೀಲದೊಳಗಿನ ಸೊಪ್ಪು ಬಾಡಿ, ಅದರ ವಾಸನೆ ಮೆಲ್ಲನೆ ಮೇಲೆದ್ದಿತು. ಬೇರೆ ಯಾವ ಸೊಪ್ಪಿಗೂ ಈ ವಾಸನೆ ಇಲ್ಲ. ಸ್ವಲ್ಪ ಔಷಧಿ, ಸ್ವಲ್ಪ ಸಿಹಿ. ಮೂಗಿಗೆ ಬಡಿದದ್ದೇ ತಡ, ಅತ್ತೆ ಕಣ್ಣ ಮುಂದೆ ಬಂದು ಕೂತರು. ಬಸ್ಸು ಗೋಣಿಕೊಪ್ಪ ದಾಟಿದ್ದೂ ನನಗೆ ತಿಳಿಯಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಲ್ಲಿನವರು ನಮ್ಮನ್ನು 'ಮೈಸೂರಿನವರು' ಎಂದು ಕರೆಯುತ್ತಿದ್ದರು. ನಾವು ಹಾಸನದ ಕಡೆಯ ಒಕ್ಕಲು ಜನ, ಮೈಸೂರನ್ನು ನಾನು ಅಲ್ಲಿಯವರೆಗೆ ಕಣ್ಣಿಂದ ಕಂಡೂ ಇರಲಿಲ್ಲ. ಆದರೂ ನಯಾಪೈಸೆಯ ಲೆಕ್ಕ ತಿಳಿಯದೆ ಅಂಗಡಿಯವನು ತಲೆ ಕೆರೆದುಕೊಂಡಾಗಲೆಲ್ಲ "ಎಲ್ಲ ನಿಮ್ಮ ಮೈಸೂರಿನವರು ಮಾಡಿದ್ದು" ಎಂದು ನನ್ನನ್ನೇ ಬೈಯುತ್ತಿದ್ದ. ನಾನೂ ಸುಮ್ಮನಿರುತ್ತಿರಲಿಲ್ಲ. "ಹೌದಪ್ಪ, ನಿನ್ನೆ ನಾನೇ ಕೂತು ಟಂಕಿಸಿದೆ" ಎನ್ನುತ್ತಿದ್ದೆ.

ನಮ್ಮವರಿಗೆ ಹುದಿಕೇರಿಯಿಂದ ಒಳಗೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತ್ತು. ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವವರು, ಅಷ್ಟೇ. ಊರಿನ ಜನ ಆ ಇಂಗ್ಲಿಷ್ ಹೆಸರು ಕೇಳಿ ಅಮಲ್ದಾರರ ಸಮಕ್ಕೆ ಎಣಿಸಿದ್ದರು. ಆಳುಗಳ ಲೈನುಮನೆಗಳ ಸಾಲಿನ ತುದಿಯಲ್ಲಿ ಎರಡು ಕೋಣೆಯ ಹೆಂಚಿನ ಮನೆ ಕೊಟ್ಟಿದ್ದರು. ಸಂಬಳದ ಹೆಚ್ಚಿನ ಪಾಲು ನಾದಿನಿಯ ಮದುವೆಗೆಂದು ಊರಿಗೆ ಹೋಗುತ್ತಿತ್ತು. ಉಳಿದುದರಲ್ಲಿ ಉಪ್ಪು, ಬೆಲ್ಲ, ಮೆಣಸಿನಕಾಯಿ, ಸೀಮೆಎಣ್ಣೆ ತಂದರೆ ಮುಗಿಯಿತು. ವಾರಕ್ಕೊಮ್ಮೆ ಎಸ್ಟೇಟಿನಿಂದ ಅಕ್ಕಿ ಬರುತ್ತಿತ್ತು. ಅಕ್ಕಿ ಅಂತ ಹೆಸರು. ಮೊರಕ್ಕೆ ಹಾಕಿ ಕೇರಿದರೆ ಅರ್ಧಕ್ಕರ್ಧ ನುಚ್ಚು. ಇಷ್ಟರಲ್ಲಿ ನಾನು, ನಮ್ಮವರು, ನಾಲ್ಕು ವರ್ಷದ ಮಗಳು ಸುಶೀಲ ಹೇಗೋ ದಿನ ದೂಡುತ್ತಿದ್ದೆವು.

ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಅತ್ತೆ ಬಂದರು. ಬಸ್ಸಿನ ಟಾಪಿನ ಮೇಲೆ ಒಂದು ಮೂಟೆ ರಾಗಿ ಹೇರಿಕೊಂಡು, ಕಂಡಕ್ಟರನ ಜೊತೆ ದಾರಿಯುದ್ದಕ್ಕೂ ಜಗಳವಾಡುತ್ತ ಬಂದಿದ್ದರಂತೆ. ಎತ್ತರದ ಆಳು, ಒಣಗಿದ ಮೈ, ಗಂಡು ದನಿ. ಹೊಸಲು ದಾಟಿದವರು ನೀರು ಕೂಡ ಕೇಳಲಿಲ್ಲ. ಸುಶಿಯನ್ನು ಎಳೆದು ನಿಲ್ಲಿಸಿಕೊಂಡು, ಲಂಗ ಸರಿಸಿ, ಸೊಂಟದ ಉಡಿದಾರಕ್ಕೆ ಬೆರಳು ಹಾಕಿ ನೋಡಿದರು. ದಾರದೊಳಗೆ ಅವರ ನಾಲ್ಕು ಬೆರಳೂ ಸಲೀಸಾಗಿ ಹೋದವು.

"ಏನೇ ಲಕ್ಷ್ಮೀ ಇದು? ಮಗೂನ ಸಾಕ್ತಿದ್ದೀಯೋ, ಒಣಗಿಸ್ತಿದ್ದೀಯೋ?"

"ಇಲ್ಲಿ ಹವಾ ಹಾಗೆ ಅತ್ತೆ, ಸ್ವಲ್ಪ ಒಗ್ಗಬೇಕು..."

"ಹವಾ ಉಂಡು ಯಾರಾದ್ರೂ ಬೆಳೀತಾರಾ? ನೋಡು, ಶ್ರಾವಣಕ್ಕೆ ದೊಡ್ಡವನು ನನ್ನ ಕರ್ಕೊಂಡು ಹೋಗೋಕೆ ಬರ್ತಾನೆ. ಅಷ್ಟರೊಳಗೆ ಇವಳ ಮೈಗೆ ಒಂದಿಷ್ಟು ಕಸುವು ಬಂದ್ರೆ ಸರಿ. ಇಲ್ದಿದ್ರೆ ಮಗು ನನ್ನ ಜೊತೆ ಊರಿಗೆ. ಅಲ್ಲಿ ಹಸು ಕರೀತಿದೆ, ಹಗೇವಲ್ಲಿ ರಾಗಿ ಇದೆ."

ನಮ್ಮವರ ಮುಖ ನೋಡಿದೆ. ಅವರು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದರು. ತಾಯಿಯ ಎದುರು ಬಾಯಿ ಬಿಡುವ ಗಂಡಸು ನಮ್ಮ ಮನೆಯಲ್ಲಿ ಹುಟ್ಟಿಯೇ ಇರಲಿಲ್ಲ. ಸುಶಿ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳದೆ ನಿದ್ದೆ ಮಾಡುವ ಮಗುವಲ್ಲ. ಊರಿಗೆ ಹೋದ ಮಗು ಮತ್ತೆ ಯಾವಾಗ ಬಂದೀತು? ನಾದಿನಿಯ ಮದುವೆ ಆಗಲಿ, ಮುಂದಿನ ಬೆಳೆ ಬರಲಿ, ಶಾಲೆ ಅಲ್ಲೇ ಆಗಲಿ ಎಂದು ಒಂದೊಂದೇ ನೆಪ ಬೆಳೆಯುತ್ತದೆ. ನನ್ನ ಅಕ್ಕನ ಮಗನನ್ನು ಹೀಗೇ ಕರೆದುಕೊಂಡು ಹೋಗಿ, ಅವನು ಹೆತ್ತವಳನ್ನು ಚಿಕ್ಕಮ್ಮ ಎಂದು ಕರೆಯುವ ಹಾಗೆ ಆಗಿತ್ತು. ಶ್ರಾವಣದೊಳಗೆ ಈ ಮಗುವಿನ ಹೊಟ್ಟೆ ತುಂಬಿಸಲೇಬೇಕು ಎಂದು ಒಲೆಯ ಮುಂದೆ ಕೂತು ನನಗೆ ನಾನೇ ಹೇಳಿಕೊಂಡೆ.

ಅತ್ತೆ ತಂದ ರಾಗಿಯ ಮೇಲೆ ನನಗೂ ಭರವಸೆಯಿತ್ತು. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎಂದು ಕೇಳಿಕೊಂಡೇ ಬೆಳೆದವರು ನಾವು. ಮೂಟೆಯನ್ನು ಎಲ್ಲಿಡುವುದು ಎಂಬ ಮಾತು ಬಂದಾಗ ನಮ್ಮವರು, "ಇಲ್ಲಿಯವರು ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸ್ತಾರೆ ಅವ್ವ" ಎಂದರು. ಅತ್ತೆಗೆ ನಗು ಬಂತು. "ರಾಗಿ ಕೆಡೋದುಂಟೇನೋ? ನಮ್ಮಪ್ಪ ಹಗೇವಲ್ಲಿ ಹಾಕಿದ್ದನ್ನ ವರ್ಷಗಟ್ಟಲೆ ಬಿಟ್ಟು ತೆಗೆದ್ರೂ ಹೊಸದರ ಹಾಗೇ ಇರ್ತಿತ್ತು. ಭೂಮಿ ಒಳಗೇ ಕೆಡದೆ ಇರೋದು ಮನೆ ಮೂಲೇಲಿ ಕೆಡುತ್ತಾ?" ಎಂದು ತಾವೇ ಮೂಟೆಯನ್ನು ಉರುಳಿಸಿಕೊಂಡು ಹೋಗಿ ಒಳಕೋಣೆಯ ಮೂಲೆಯಲ್ಲಿ, ಗೋಡೆಗೆ ಒರಗಿಸಿ ನಿಲ್ಲಿಸಿದರು.

ನಮ್ಮೂರಿನ ಒಣಭೂಮಿ ಎಲ್ಲಿ, ಹುದಿಕೇರಿಯ ಮಳೆ ಎಲ್ಲಿ! ಒಮ್ಮೆ ಹಿಡಿಯಿತೆಂದರೆ ಸೂರ್ಯನ ಮುಖವೇ ಇಲ್ಲ. ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿಯನ್ನು ತಲೆಗೂದಲಿಗೆ ಉಜ್ಜಿ ಬಿಸಿ ಮಾಡಿ ಗೀರಬೇಕು. ಅಟ್ಟದ ಡಬ್ಬಿಯಲ್ಲಿ ಬೀಸಿಟ್ಟಿದ್ದ ಹಿಟ್ಟು ಮುಗಿದ ದಿನ ನಾನು ಮೂಟೆಯ ಬಾಯಿ ಬಿಚ್ಚಿದೆ. ಕೈ ಹಾಕಿದರೆ ಒಳಗೆ ಬೆಚ್ಚಗಿದೆ! ಹಿಡಿ ತೆಗೆದರೆ ಕಾಳು ಕಾಳಿಗೆ ಅಂಟಿ ಗಂಟಾಗಿದೆ, ತಳದಲ್ಲಿ ಹಸಿರು ಬೂಸಲು, ಮುಗ್ಗುಲು ನಾತ. ಅತ್ತೆ ಬಂದು ನೋಡಿದರು. ಒಂದು ಗಂಟನ್ನು ಅಂಗೈಯಲ್ಲಿ ಪುಡಿ ಮಾಡಿದರು, ಮೂಸಿದರು. ಆ ಗಂಡು ದನಿ ಅಡಗಿದ್ದನ್ನು ನಾನು ಅದೇ ಮೊದಲು ಕಂಡದ್ದು. ಮೇಲಿನ ಭಾಗದಲ್ಲಿ ನಾಲ್ಕು ಸೇರು ಉಳಿದೀತೇನೋ ಎಂದು ಒಲೆಯ ಬಳಿ ಹರಡಿ ಒಣಗಿಸಿದೆ. ಬಾಯಿಗಿಟ್ಟರೆ ಕಹಿ. ಕೊನೆಗೆ ಲೈನಿನವರ ಕೋಳಿಗಳಿಗೆ ಹಾಕಿದೆವು.

ಆವತ್ತಿನಿಂದ ಅತ್ತೆಯ ಊಟ ಕೆಟ್ಟಿತು. "ನಂಗೆ ಈ ಅನ್ನ ಆಗಲ್ಲ, ಹೊಟ್ಟೆ ಉಬ್ಬರಿಸುತ್ತೆ" ಎಂದು ಎರಡು ತುತ್ತು ಉಂಡು ಕೈ ತೊಳೆಯುತ್ತಿದ್ದರು. ಎದ್ದವರು ಸುಮ್ಮನೆ ಕೂರುತ್ತಿರಲಿಲ್ಲ. "ಪಾತ್ರೆ ನಾನು ಬೆಳಗ್ತೀನಿ, ನೀನು ಮಗೂನ ನೋಡ್ಕೋ" ಎಂದು ಮಡಕೆ ಕುಡಿಕೆಯನ್ನೆಲ್ಲ ಬಾಚಿಕೊಂಡು ಹಿಂದಿನ ಬಚ್ಚಲಿಗೆ ಹೋಗುತ್ತಿದ್ದರು. ಅಷ್ಟಾದರೂ ಸಹಾಯವಾಯಿತಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ.

ಆ ದಿನಗಳಲ್ಲಿ ನಮ್ಮನ್ನು ಕಾದವಳು ಪಕ್ಕದ ಮನೆಯ ದೇವಕ್ಕ. ಅವಳ ಗಂಡ ಎಸ್ಟೇಟಿನ ಲಾರಿ ಡ್ರೈವರ್. ಭಾಗಮಂಡಲದ ಕಡೆಯ ಗೌಡರ ಪೈಕಿ, ಮನೆಮಾತು ಅರೆಭಾಷೆ. ನಮ್ಮೊಡನೆ ಕನ್ನಡ ಆಡುವಾಗಲೂ 'ಇದೆ' ಎನ್ನಲು ಬಾರದು, 'ಉಟ್ಟು' ಎಂದೇ ಬಾಯಿಗೆ ಬರುವುದು. 'ಇಲ್ಲ' ಎನ್ನಲು 'ಇಲ್ಲೆ'. ಒಂದು ಬೆಳಿಗ್ಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಬಾಗಿಲಿಗೆ ಬಂದಳು.

"ಎಂತ ತಂಗಿ, ಒಲೆ ಮೇಲೆ ಎಂತ ಉಟ್ಟು?"

"ಬರೀ ಗಂಜಿ ದೇವಕ್ಕ. ಅಂಗಡಿಗೆ ತರಕಾರಿ ಬಂದೇ ಇಲ್ಲ. ಬಂದ್ರೂ ಕೊಳ್ಳೋ ಹಾಗಿಲ್ಲ."

"ತರಕಾರಿ ಇಲ್ಲೆನಾ? ನಿಮ್ಮ ಬಚ್ಚಲ ಹಿಂದೆ ವಾರಕ್ಕೆ ಆಗುವಷ್ಟು ಕೆಸು ಉಟ್ಟು. ಹಲಸಿನ ಬೀಜ ಮರದ ಬುಡದಲ್ಲಿ ಬಿದ್ದು ಮೊಳಕೆ ಬರ್ತಾ ಉಟ್ಟು. ಅದನ್ನೆಲ್ಲ ತುಳ್ಕೊಂಡು ಅಂಗಡಿಗೆ ಹೋಗಿ ಅಳುದು ಎಂತಕ್ಕೆ?"

ಕೈ ಹಿಡಿದು ಎಳೆದುಕೊಂಡೇ ಹೋದಳು. ಮಳೆಯಲ್ಲಿ, ಕಾಲಿಗೆ ಹತ್ತಿದ ಜಿಗಣೆ ಕೀಳುತ್ತ, ನಾನು ಹೊಸದಾಗಿ ಅಡುಗೆ ಕಲಿತೆ. ಕೆಸುವಿನೆಲೆಯನ್ನು ಹಾಗೇ ಬೇಯಿಸಿದರೆ ಗಂಟಲು ತುರಿಸಿ ಜೀವ ಹೋಗುತ್ತದೆ. ಕೈಗೆ ಎಣ್ಣೆ ಸವರಿ ಹೆಚ್ಚಬೇಕು, ಕಾಚಂಪುಳಿ ಎಂಬ ಕಪ್ಪು ಹುಳಿರಸ ಬಿಟ್ಟು ಚೆನ್ನಾಗಿ ಕುದಿಸಬೇಕು. ಹಲಸಿನ ಬೀಜವನ್ನು ಸುಟ್ಟು ಜಜ್ಜಿದರೆ ಪಲ್ಯ, ಹುರುಳಿಯ ಜೊತೆ ಬೇಯಿಸಿದರೆ ಸಾರು. ನುಚ್ಚನ್ನು ಕುದಿನೀರಲ್ಲಿ ತೊಳಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಕಡುಬು. ಅನ್ನಕ್ಕೆ ಸಾಲದ ನುಚ್ಚು ಕಡುಬಿಗೆ ಸಾಲುತ್ತದೆ, ಮೇಲಾಗಿ ಮಗುವಿನ ಕೈಗೆ ಒಂದು ಉಂಡೆ ಕೊಟ್ಟರೆ ಅದು ಮನೆಯೆಲ್ಲ ಓಡಾಡುತ್ತ ತಿಂದು ಮುಗಿಸುತ್ತದೆ. ತೆಂಗಿನಕಾಯಿಯನ್ನು ಹಸಿಯಾಗಿ ಅರೆಯುವುದನ್ನು ಬಿಟ್ಟೆ. ಹುರಿದು ಅರೆದರೆ ಒಂದು ಚೂರು ಇಡೀ ಸಾರಿಗೆ ಬಣ್ಣ, ರುಚಿ ಎರಡನ್ನೂ ಕೊಡುತ್ತದೆ. ಹಾಲಿಲ್ಲದ ಬೆಲ್ಲದ ಕಾಫಿಯಂತೂ ಅಲ್ಲಿ ಎಲ್ಲರ ಮನೆಯದು, ಅದರಲ್ಲಿ ನಾಚಿಕೆಯ ಮಾತೇ ಇರಲಿಲ್ಲ.

ಎಡವಟ್ಟುಗಳೂ ಆದವು. ಬಿದಿರಿನ ಎಳೆಯ ಮೊಳಕೆ ಕಣಿಲೆ ತಂದ ದಿನ, ಎಷ್ಟು ಚೆನ್ನಾಗಿದೆ ಎಂದು ಆಗಲೇ ಹೆಚ್ಚಿ ಒಲೆಗೆ ಹಾಕಿಬಿಟ್ಟಿದ್ದೆ. ಬೆಂಕಿ ಕೇಳಲು ಬಂದ ದೇವಕ್ಕ ಮೂಗರಳಿಸಿ ನೋಡಿ, ಪಾತ್ರೆ ಎತ್ತಿ ಅಂಗಳಕ್ಕೆ ಸುರಿದಳು. ನನಗೆ ಅಳು ಬಂತು, ಸಿಟ್ಟೂ ಬಂತು. "ವಿಷ ತಂಗಿ ಅದು! ನೀರಲ್ಲಿ ಹಾಕಿ, ನೀರು ಚೆಲ್ಲಿ, ಮತ್ತೆ ಹಾಕಿ, ಕಹಿ ಬಿಟ್ಟ ಮೇಲೆ ಬೇಯಿಸುದು. ಅವಸರ ಇದ್ದವ್ರಿಗೆ ಕಣಿಲೆ ಇಲ್ಲೆ" ಎಂದಳು. ಮರುವಾರ ಅವಳೇ ಹದಕ್ಕೆ ಬಂದ ಕಣಿಲೆಯನ್ನು ಬಟ್ಟಲು ತುಂಬ ತಂದುಕೊಟ್ಟು ಹೋದಳು. ಬಟ್ಟಲನ್ನು ಖಾಲಿ ಮರಳಿಸಬಾರದಲ್ಲ, ನಾಲ್ಕು ಕಡುಬು ಹಾಕಿ ಕಳಿಸಿದೆ.

ಸುಶಿಯ ಕೆನ್ನೆ ಸ್ವಲ್ಪ ತುಂಬಿತು. ಉಡಿದಾರದೊಳಗೆ ನನ್ನ ಬೆರಳು ಈಗ ಎರಡು ಹೋದರೆ ಹೆಚ್ಚು. ಅತ್ತೆಗೆ ತೋರಿಸಿದರೆ, "ನೋಡೋಣ, ಶ್ರಾವಣ ಬರ್ಲಿ" ಎಂದರೇ ಹೊರತು ಬಾಯಿ ತುಂಬ ಒಂದು ಮಾತಿಲ್ಲ. ಅವರು ಮಾತ್ರ ದಿನದಿನಕ್ಕೆ ಇಳಿಯುತ್ತಿದ್ದರು. ಕೆಸು ಅಂದರೆ "ದನ ತಿನ್ನೋದು", ಕಣಿಲೆ ಅಂದರೆ "ಆನೆ ತಿನ್ನೋದು", ಕಡುಬು ಅಂದರೆ "ಗಂಟಲಿಗೆ ಇಳಿಯಲ್ಲ". ಒಮ್ಮೆ ನಮ್ಮವರು ಗದ್ದೆಯ ಬದುವಿನಲ್ಲಿ ಏಡಿ ಹಿಡಿದು ತಂದರು. ಹುರಿದ ಕಾಯಿ, ಮೆಣಸು ಅರೆದು ಸಾರು ಮಾಡಿದೆ. ಘಮಘಮ ಎನ್ನುವ ಸಾರು ಮುಂದಿದ್ದರೂ ಅತ್ತೆ ಮುಖ ತಿರುಗಿಸಿದರು.

"ಅವ್ವನಿಗೆ ಏಡಿ ಸಾರು ಅಂದ್ರೆ ಪ್ರಾಣ" ಎಂದು ನಮ್ಮವರು ಬೆರಗಾದರು. "ನಮ್ಮಪ್ಪ ಹಿಡ್ಕೊಂಡು ಬಂದ ದಿನ ಕಾಲು ಕೂಡ ಬಿಡ್ತಿರಲಿಲ್ಲ."

"ಅದು ನಮ್ಮೂರ ಕೆರೆ ಏಡಿ. ಇದು ಕೆಸರು ನಾತ. ನೀವು ತಿನ್ನಿ" ಎಂದು ಅತ್ತೆ ತಮ್ಮ ಪಾಲನ್ನು ಸುಶಿಯ ತಟ್ಟೆಗೆ ಸುರಿದರು.

ನನ್ನ ಕೈಯಡುಗೆ ಕಂಡರಾಗದು ಈ ಮುದುಕಿಗೆ, ಮಗುವನ್ನು ಕರೆದೊಯ್ಯಲು ಹಟ ಹಿಡಿದು ಕೂತಿದ್ದಾರೆ ಎಂದು ನಾನು ಒಳಗೊಳಗೇ ಕುದಿದೆ. ಸಾರಿನ ಮಡಕೆಯನ್ನು ಅವರೇ ಎತ್ತಿಕೊಂಡು ಬಚ್ಚಲಿಗೆ ಹೋದರು.

ಹೀಗಿರುವಾಗ ಕಕ್ಕಡ ಹದಿನೆಂಟು ಬಂತು. ಎಡೆಬಿಡದೆ ಮಳೆ ಸುರಿಯುವ ಆ ತಿಂಗಳನ್ನು ಕೊಡಗಿನಲ್ಲಿ ಕಕ್ಕಡ ಎನ್ನುತ್ತಾರೆ. ಅದರ ಹದಿನೆಂಟನೆಯ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಕೂಡಿಕೊಳ್ಳುತ್ತದೆಂದು ಅಲ್ಲಿನ ನಂಬಿಕೆ. ಆ ಒಂದು ದಿನ ಮಾತ್ರ ಅದಕ್ಕೆ ಆ ಘಮ. ದೇವಕ್ಕ ಬೇಲಿಯಿಂದ ಒಂದು ಹೊರೆ ಕೊಯ್ದು ತಂದು ಹಾಕಿದಳು. "ಬೇಯಿಸಿ ರಸ ತೆಗೀರಿ. ಆ ರಸದಲ್ಲಿ ನುಚ್ಚು ಹಾಕಿ, ಬೆಲ್ಲ ಹಾಕಿ, ಒಂದು ಚೂರು ಕಾಯಿ. ಪಾಯಸ. ಮಗುಗೆ ಚೆನ್ನಾಗಿ ಕೊಡಿ, ವರ್ಷ ಪೂರ್ತಿ ಕಾಯಿಲೆ ಇಲ್ಲೆ" ಎಂದು ಹೇಳಿ ಅವಸರದಲ್ಲಿ ಹೋದಳು, ಅವಳ ಒಲೆಯ ಮೇಲೂ ಅದೇ ಕುದಿಯುತ್ತಿತ್ತು.

ಹೇಳಬೇಕಾದ ಇನ್ನೊಂದು ಮಾತನ್ನು ಅವಳು ಹೇಳಲಿಲ್ಲ. ಮರೆತದ್ದಲ್ಲ. ಕೊಡಗಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ?

ರಸ ನೇರಳೆ ಬಣ್ಣಕ್ಕೆ ತಿರುಗಿತು. ಪಾಯಸ ಇನ್ನೂ ಗಾಢ ನೇರಳೆ. ಮನೆಯಲ್ಲಿ ಸಿಹಿಯ ವಾಸನೆ ಹರಡಿ ತಿಂಗಳುಗಳೇ ಆಗಿದ್ದವು. ಸುಶಿ ಕೈ, ಮೂಗು, ಗಲ್ಲಕ್ಕೆಲ್ಲ ಬಳಿದುಕೊಂಡು ತಿಂದಳು. ನಮ್ಮವರು ಎರಡು ಸಲ ಹಾಕಿಸಿಕೊಂಡರು. ಅತ್ತೆ ಬಟ್ಟಲ ಕಡೆ ನೋಡಿ, "ಶಿವ ಶಿವಾ, ಬಟ್ಟೆಗೆ ಹಾಕೋ ಬಣ್ಣದ ಹಾಗಿದೆ. ನಂಗೆ ಬೇಡ, ನೀವೇ ತಿಂದು ಉದ್ಧಾರ ಆಗಿ" ಎಂದರು. ಪಾತ್ರೆ ಬೆಳಗಲು ಎಂದಿನಂತೆ ತಾವೇ ಎತ್ತಿಕೊಂಡು ಹೋದರು.

ಮರುದಿನ ಬೆಳಗ್ಗೆ ನಮ್ಮವರು ಆಳುಗಳ ಹಾಜರಿ ಹಿಡಿಯಲು ಮಸ್ಟರಿಗೆ ಹೋಗಿಯಾಗಿತ್ತು. ನಾನು ಒಲೆ ಊದುತ್ತಿದ್ದೆ. ಬಚ್ಚಲ ಕಡೆಯಿಂದ ಅತ್ತೆ ಚೀರಿದ್ದು ಕೇಳಿ ಊದುಗೊಳವೆ ಕೈಯಿಂದ ಬಿತ್ತು. ಓಡಿ ಹೋದರೆ ಸುಶಿ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಅವಳ ಮುಂದೆ ಕಲ್ಲಿನ ಮೇಲೆ ಕೆಂಪಗೆ ಹರಿಯುತ್ತಿದೆ.

"ರಕ್ತ ಕಣೇ! ಮಗು ರಕ್ತ ಉಚ್ಚೆ ಹೊಯ್ತಿದೆ! ಏನ್ ತಿನ್ನಿಸಿದ್ಯೇ ಪಾಪಿ, ಏನ್ ತಿನ್ನಿಸಿದ್ಯೇ!"

ನಾನು ಬಗ್ಗಿ ನೋಡುವಷ್ಟರಲ್ಲಿ ಅತ್ತೆ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಮಳೆಯಲ್ಲೇ ಅಂಗಳಕ್ಕೆ ಇಳಿದಿದ್ದರು. "ಡಾಕ್ಟರಿಗೆ ತೋರಿಸಿ ಅಲ್ಲಿಂದ್ಲೇ ಬಸ್ಸು ಹತ್ತೀನಿ. ಇನ್ನೊಂದು ಗಳಿಗೆ ನಿನ್ನ ಕೈಲಿ ಬಿಡಲ್ಲ" ಎಂದು ಕೂಗಿದರು. ನಾನು ಮಗುವಿನ ಕಾಲು ಹಿಡಿದುಕೊಂಡೆ. "ನಾನೂ ಬರ್ತೀನಿ ಅತ್ತೆ, ಕಿತ್ಕೋಬೇಡಿ, ಕಿತ್ಕೋಬೇಡಿ" ಎಂದು ಅರಚಿದೆ. ಸುಶಿಗೆ ಏನೂ ಆಗಿರಲಿಲ್ಲ, ಆದರೆ ನಮ್ಮಿಬ್ಬರ ಅವತಾರ ಕಂಡು ಅವಳೂ ಜೋರಾಗಿ ಅತ್ತಳು.

ಗಲಾಟೆ ಕೇಳಿ ದೇವಕ್ಕ ಓಡಿ ಬಂದಳು. ಏನು, ಎತ್ತ ಎಂದು ಕೇಳಿ, ಬಚ್ಚಲ ಕಲ್ಲನ್ನು ಒಮ್ಮೆ ಬಗ್ಗಿ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಗತೊಡಗಿದಳು. ನಗು ನಿಲ್ಲದೆ ಜಗಲಿಯ ಕಂಬ ಹಿಡಿದುಕೊಂಡಳು.

"ನಗ್ತೀಯಾ? ಮಗು ಸಾಯ್ತಿದ್ರೆ ನಗ್ತೀಯೇನೇ?" ಅತ್ತೆ ಹೊಡೆಯಲೇ ಹೋದರು.

"ಅಯ್ಯೋ ಅಜ್ಜಿ, ರಕ್ತ ಅಲ್ಲ ಅದು, ಮದ್ದು! ಮದ್ದು ತಿಂದವ್ರಿಗೆಲ್ಲ ಹಂಗೇ. ನನಗೂ ಕೆಂಪು, ನನ್ನ ಗಂಡನಿಗೂ ಕೆಂಪು, ಇವತ್ತು ಕೊಡಗಿನಲ್ಲಿ ಎಲ್ಲರದ್ದೂ ಕೆಂಪೇ. ಕೆಂಪಾದರೆ ಮದ್ದು ಮೈಗೆ ಹತ್ತಿತು ಹೇಳಿ ಲೆಕ್ಕ. ನಾಳೆಗೆ ಸರಿಯಾಗ್ತದೆ. ಬೇಕಾದರೆ ತಂಗಿಯನ್ನೇ ಕೇಳಿ, ಅವ್ಳೂ ತಿಂದಿದ್ದಾಳಲ್ಲ?"

ನನಗೆ ಆಗ ಹೊಳೆಯಿತು. ಬೆಳಕು ಹರಿಯುವ ಮೊದಲೇ ಕೊಪ್ಪೆ ಹೊದ್ದು ಮಳೆಯಲ್ಲಿ ಹೊರಗೆ ಹೋಗಿ ಬಂದವಳಿಗೆ ಕೆಂಪೋ ಬಿಳುಪೋ ಏನು ಕಾಣಬೇಕು? ನಮ್ಮವರ ಕಥೆಯೂ ಅಷ್ಟೇ ಇದ್ದೀತು. ಎದೆಯ ಮೇಲಿನ ಕಲ್ಲು ಇಳಿದು ನನಗೂ ನಗು ಬರುವುದರಲ್ಲಿತ್ತು.

ಆಗ ಅತ್ತೆಯನ್ನು ನೋಡಿದೆ. ಅವರು ನಗುತ್ತಿರಲಿಲ್ಲ. ಮಗುವನ್ನು ಕೆಳಗಿಳಿಸಿ ಜಗಲಿಯ ಮೇಲೆ ಕುಸಿದು ಕೂತಿದ್ದರು.

"ತಿಂದವ್ರಿಗೆ ಮಾತ್ರಾನಾ ಹಾಗಾಗೋದು?" ಎಂದು ಮೆಲ್ಲನೆ ಕೇಳಿದರು.

"ಹೌದು, ತಿನ್ನದವ್ರಿಗೆ ಇಲ್ಲೆ."

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ನೆಲ ನೋಡುತ್ತ ಹೇಳಿದರು: "ನಂಗೂ ಆಗಿತ್ತು. ಬೆಳಗ್ಗೆ ಎದ್ದಾಗ. ನನ್ನ ಕಾಲ ಮುಗೀತು ಅಂದ್ಕೊಂಡೆ. ಯಾರಿಗೂ ಹೇಳೋದು ಬೇಡ, ಊರಿಗೆ ಹೋಗಿ ಸಾಯೋಣ ಅಂತಿದ್ದೆ. ಆಮೇಲೆ ಮಗೂದೂ ನೋಡಿ... ನಂಗೆ ಬಂದ ರೋಗ ಮಗೂಗೂ ಬಂತಲ್ಲಪ್ಪ ಅಂತ ಜೀವ ಬಾಯಿಗೆ ಬಂತು."

"ಆದ್ರೆ ನೀವು ತಿನ್ನಲೇ ಇಲ್ವಲ್ಲ ಅತ್ತೆ?" ಎಂದೆ.

"ತಳ ಕೆರೆದು ತಿಂದೆ."

ದೇವಕ್ಕನ ನಗು ನಿಂತಿತು. ನನಗೆ ಒಂದೊಂದೇ ಕಣ್ಣಿಗೆ ಕಟ್ಟಿತು. ಏಡಿ ಸಾರಿನ ಮಡಕೆ, ಕಡುಬಿನ ಪಾತ್ರೆ, ಗಂಜಿಯ ತಪ್ಪಲೆ. ಎಲ್ಲವನ್ನೂ ಎತ್ತಿಕೊಂಡು ಬಚ್ಚಲಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ನಮಗೆ ಬೆನ್ನು ಹಾಕಿ ಕೂತು, ನಾವು ಬಿಟ್ಟ ಅಂಟನ್ನು ಬೆರಳಲ್ಲಿ ಕೆರೆದು ತಿನ್ನುತ್ತಿದ್ದವರು ಈ ಗಂಡು ದನಿಯ ನನ್ನ ಅತ್ತೆ.

"ಹಸಿವಾದರೆ ಕೇಳುಕ್ಕೆ ಆಗುದಿಲ್ಲೆನಾ ಅಜ್ಜಿ?" ಎಂದಳು ದೇವಕ್ಕ. ಅವಳ ಕಣ್ಣೂ ತುಂಬಿತ್ತು.

ಅತ್ತೆಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಕಂಡು ನನಗೆ ಎಷ್ಟೋ ಸಮಾಧಾನವಾಯಿತು. "ಕೇಳಿದ್ರೆ ಇವಳು ಕೊಡೋಳೇ ಕಣವ್ವ. ಅದಕ್ಕೇ ಕೇಳಲಿಲ್ಲ. ಮೂಟೆ ರಾಗಿ ತಂದು ನಾನೇ ಕೈಯಾರೆ ಮೂಲೇಲಿಟ್ಟು ಕೊಳೆಸ್ದೆ. ಮೂರು ತಟ್ಟೆಗೆ ಸಾಲದೆ ಇರೋದ್ರಲ್ಲಿ ನಾಲ್ಕನೇ ತಟ್ಟೆ ಹಿಡ್ಕೊಂಡು ಕೂರ್ಲಾ? ನಾನು ಬೇಡ ಅಂದ್ರೆ ಮಗೂಗೆ ಒಂದು ತುತ್ತು ಜಾಸ್ತಿ. ನಾನೂ ಮಗೂನೂ ಊರಿಗೆ ಹೋದ್ರೆ ಇವಳೂ ಎರಡು ತುತ್ತು ಉಣ್ತಾಳೆ. ಇವಳ ಕೊರಳ ಮೂಳೆ ನೋಡಿದ್ದೀಯಾ ನೀನು?"

ಅವರು ನನ್ನ ಕೊರಳ ಮೂಳೆ ನೋಡಿದ್ದರು! ನನ್ನ ತಾಯಿ ಸತ್ತ ಮೇಲೆ ಅದನ್ನು ನೋಡಿದವರು ಯಾರೂ ಇರಲಿಲ್ಲ. ನಾನು ಅವರ ಮಡಿಲಿಗೆ ಮುಖವಿಟ್ಟು ಅತ್ತುಬಿಟ್ಟೆ. "ಏಳೇ, ಒಲೆ ಆರಿಹೋಗುತ್ತೆ" ಎಂದು ಅತ್ತೆ ಗದರಿದರು, ಕೈ ಮಾತ್ರ ನನ್ನ ತಲೆಯ ಮೇಲಿಂದ ತೆಗೆಯಲಿಲ್ಲ.

ಆವತ್ತು ಮಧ್ಯಾಹ್ನದಿಂದ ನಮ್ಮ ಮನೆಯಲ್ಲಿ ಬಡಿಸುವ ಕ್ರಮ ಬದಲಾಯಿತು. ಮೊದಲು ಗಂಡಸು, ಆಮೇಲೆ ಮಗು, ಉಳಿದರೆ ಹೆಂಗಸರು ಎಂಬುದನ್ನು ಬಿಟ್ಟೆ. ನಾಲ್ಕು ತಟ್ಟೆಯನ್ನೂ ಒಟ್ಟಿಗೆ ಇಟ್ಟು, ಪಾತ್ರೆಯಲ್ಲಿದ್ದುದನ್ನು ನಾಲ್ಕಕ್ಕೂ ಹಾಕಿ, ಪಾತ್ರೆಗೆ ಅಲ್ಲಿಯೇ ನೀರು ಸುರಿದುಬಿಡುತ್ತಿದ್ದೆ. ಕೆರೆಯಲು ತಳವೇ ಇಲ್ಲ. "ಏನ್ ಕೊಬ್ಬು ನೋಡು ಇವಳಿಗೆ" ಎಂದು ಅತ್ತೆ ಬೈಯುತ್ತಲೇ ಉಂಡರು. ಕಡಿಮೆಯಿತ್ತು, ನಿಜ. ದೇವಕ್ಕನ ಬೇಲಿ, ಗದ್ದೆಯ ಬದು, ಹಲಸಿನ ಬುಡ ಇವುಗಳ ಋಣದಲ್ಲಿ ಕಡಿಮೆಯಲ್ಲೇ ನಾಲ್ವರೂ ಉಂಡೆವು. ಇವತ್ತಿಗೂ ಅನ್ನದ ಮುಂದೆ ಕೂತಾಗ ದೇವರಿಗೆ ಮುಂಚೆ ನನಗೆ ನೆನಪಾಗುವುದು ಆ ಬೇಲಿ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ.

ಆದರೆ ಸುಶಿಯ ವಿಷಯ ಅತ್ತೆ ಎತ್ತಲಿಲ್ಲ, ಕೇಳಲು ನನಗೆ ಧೈರ್ಯ ಬರಲಿಲ್ಲ. ನನ್ನ ಮೇಲಿನ ಕರುಣೆಗೇ ಮಗುವನ್ನು ಕರೆದೊಯ್ದರೆ? ಸಿಟ್ಟಿಗಾದರೆ ಎದುರು ಆಡಬಹುದು, ಕರುಣೆಗೆ ಏನು ಹೇಳುವುದು? ಶ್ರಾವಣ ಹುಟ್ಟಿತು. ಅತ್ತೆ ತಮ್ಮ ಎರಡು ಸೀರೆಯನ್ನು ಮಡಿಸಿ ಗಂಟು ಕಟ್ಟಿದರು. ಒಲೆಯ ಮೇಲೆ ಒಣಗಿಸಿದ ಸುಶಿಯ ಲಂಗಗಳನ್ನೂ ಮಡಿಸಿ ಪಕ್ಕದಲ್ಲಿಟ್ಟರು. ಅದನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ.

ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಅತ್ತೆಯನ್ನು ಕರೆದೊಯ್ಯಲು ಭಾವ ಬಂದರು. ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಹೊರಡಬೇಕೆಂದು ಬರುವಾಗಲೇ ಹೇಳಿದರು. ಇದ್ದ ನುಚ್ಚನ್ನೆಲ್ಲ ತೊಳಸಿ ಕಡುಬು ಕಟ್ಟಿದೆ, ಕಣಿಲೆಯ ಸಾರು ಮಾಡಿದೆ. ನೆಂಟರು ಬಂದಿದ್ದಾರೆ, ಅವರೆಲ್ಲ ಮೊದಲು ಉಣ್ಣಲಿ ಎಂದು ನಾನು ಬಡಿಸಲು ನಿಂತೆ. ಭಾವ ಚೆನ್ನಾಗಿ ಉಂಡರು. ನನಗೆಂದು ಪಾತ್ರೆಯಲ್ಲಿ ಒಂದೇ ಒಂದು ಕಡುಬು ಉಳಿದಿತ್ತು.

"ಮಗೂದೂ ಗಂಟು ಕಟ್ಟಿದ್ದೀಯಾ ಅವ್ವ? ಬಸ್ಸಿಗೆ ಹೊತ್ತಾಗುತ್ತೆ" ಎಂದರು ಭಾವ.

ಸುಶಿ ಅಜ್ಜಿಗೆ ಒರಗಿ ಕೂತು ಬೆರಳು ನೆಕ್ಕುತ್ತಿದ್ದಳು.

"ಮಗು ಬರಲ್ಲ" ಎಂದರು ಅತ್ತೆ.

"ಇಲ್ಲಿ ಹೊಟ್ಟೆಗೆ ಕಷ್ಟ, ಮಗೂನೂ ಕರ್ಕೊಂಡು ಹೋಗಬೇಕು ಅಂತ ನೀನೇ ಹೇಳಿ ಕಳಿಸಿದ್ಯಲ್ಲ?"

ಅತ್ತೆ ತಮ್ಮ ತಟ್ಟೆ ಎತ್ತಿ ನನ್ನ ಮುಂದೆ ಚಾಚಿದರು.

"ಲಕ್ಷ್ಮೀ, ಇನ್ನೊಂದು ಕಡುಬು ಹಾಕು."

ನಮ್ಮ ಮನೆಗೆ ಬಂದ ಮೇಲೆ ಅವರು ಕೇಳಿ ಹಾಕಿಸಿಕೊಂಡದ್ದು ಅದೇ ಮೊದಲು. ಪಾತ್ರೆಯಲ್ಲಿ ಎಷ್ಟಿದೆ, ಅದು ಯಾರದು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಾಕಿದೆ. ಅತ್ತೆ ಅದನ್ನು ಮುರಿದು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ದೊಡ್ಡ ಮಗನ ಮುಖ ನೋಡಿದರು.

"ಕಷ್ಟ ಎಲ್ಲಿದೆಯೋ? ನೋಡ್ದಲ್ಲ, ಕೇಳಿದಷ್ಟು ಹಾಕ್ತಾಳೆ" ಎಂದರು.

ಅತ್ತೆ ಕೈ ತೊಳೆದು ತಮ್ಮ ಸೀರೆಯ ಗಂಟು ಬಿಚ್ಚಿದರು. ಮಧ್ಯಾಹ್ನದ ಬಸ್ಸಿಗೆ ಭಾವ ಒಬ್ಬರೇ ಹತ್ತಿದರು.